ಕೇಳಿಸಲಿಲ್ಲ ಎಂದು ಬರೆದವಳು

ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ.
ನಮ್ಮೂರ ಸಭಾಗೃಹದ ಗೋಡೆಗೆ ಇದ್ದದ್ದು ಬಾಯಿ.
ಹಿಂದೆ ಅದು ಉಣ್ಣೆ ಗಿರಣಿಯ ಬಣ್ಣದ ಕೋಣೆ;
ಕಲ್ಲಿನ ಕಮಾನು, ಸಿಮೆಂಟಿನ ನೆಲ,
ಕಡಾಯಿ ಕುದಿಯುತ್ತಿದ್ದ ಕಡೆ ಈಗ ಮುನ್ನೂರು ಕುರ್ಚಿ.
ಎಸ್ತ್ರೆಲಾ ಬೆಟ್ಟದ ಗಾಳಿ ಬಾಗಿಲು ತಳ್ಳಿ ಬಂದರೆ
ಅದೂ ಒಬ್ಬ ಸದಸ್ಯನ ಹಾಗೆ
ನಾಲ್ಕು ಸುತ್ತು ಮಾತಾಡಿಯೇ ಕೂರುತ್ತಿತ್ತು.

ನಾನು ಗುಮಾಸ್ತೆ. ತಿಂಗಳ ಎರಡನೇ ಗುರುವಾರ
ಮೂಲೆಯ ಮೇಜಿನಲ್ಲಿ ನಡಾವಳಿ ಬರೆಯುವವಳು.
ಅಧ್ಯಕ್ಷ ಅದೆರಿತು ಎದ್ದು "ಒಪ್ಪಿಗೆ?" ಅಂದರೆ
ಕಮಾನಿನಿಂದ ಇಳಿದು ಬರುತ್ತಿತ್ತು
ಒಪ್ಪಿಗೆ… ಪ್ಪಿಗೆ… ಗೆ… ಗೆ…
ಮುನ್ನೂರು ಜನ ಒಟ್ಟಿಗೆ ಗೋಣು ಆಡಿಸಿದ ಹಾಗೆ.
ನಾನು ಬರೆಯುತ್ತಿದ್ದೆ: ಸರ್ವಾನುಮತ.
ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ;
ಇವನಿಗೆ ಬಾಯಿಯ ಜೊತೆ ಒಂದು ಗಿರಣಿಯೂ ಇತ್ತು.

ಬೆಲ್ಮಿರಾ ಏಳುತ್ತಿದ್ದಳು, ಹಿಂದಿನಿಂದ ಮೂರನೇ ಸಾಲು.
ಉಣ್ಣೆ ಹಿಂಜುವ ಯಂತ್ರದ ಪಕ್ಕ ಮೂವತ್ತು ವರ್ಷ ನಿಂತವಳು,
ಅದರೊಡನೆ ಕೂಗಾಡಿ ಸೋತು
ದನಿಯನ್ನು ಒಳಗೇ ಮಡಚಿಟ್ಟುಕೊಂಡವಳು.
ಅವಳು ಆಡಿದ ಒಂದು ಪದದ ಬಾಲ
ಇನ್ನೊಂದರ ತಲೆ ತುಳಿದು
ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆದಂತೆ ಕೇಳುತ್ತಿತ್ತು.
ಆರು ವರ್ಷ ಬರೆದೆ:
ಬೆಲ್ಮಿರಾ ಮಾತಾಡಿದರು. ಕೇಳಿಸಲಿಲ್ಲ.

ಈ ಮಾರ್ಚಿನಲ್ಲಿ ಇದಲಿನಾ ಎಂಬವಳು ಬಂದಳು,
ಏಣಿ, ಅಳತೆಯ ಪೆಟ್ಟಿಗೆ, ಒಂದು ಹಿಡಿ ಕೆಂಪು ಬಲೂನು.
ಯಾರ ಹುಟ್ಟುಹಬ್ಬ ಅಂದೆ. ಕಿವಿ ಮುಚ್ಚಿಕೋ ಅಂದಳು.
ಠಪ್!
ಸದ್ದು ಸಾಯಲು ಐದು ಸೆಕೆಂಡು ಹಿಡಿಯಿತು.
"ಇಷ್ಟು ಹೊತ್ತು ಹೆಣ ಇಟ್ಟುಕೊಂಡು ಸಭೆ ನಡೆಸ್ತೀರಾ?"

ಅವಳು ತಂದದ್ದು ಕಂಬಳಿ.
ನಮ್ಮ ಕುರಿಗಾಹಿಗಳು ಹಿಮದಲ್ಲಿ ಹೊದೆಯುವ ಬುರೆಲ್,
ನೆಯ್ದು, ಬಿಸಿನೀರಲ್ಲಿ ಬಡಿದು ಬಡಿದು ಗಟ್ಟಿ ಮಾಡಿದ್ದು,
ಕಂದು, ಬೂದಿ, ಸುಟ್ಟ ಚೆಸ್ಟ್‌ನಟ್ ಬಣ್ಣ.
ಚೌಕಟ್ಟಿಗೆ ಬಿಗಿದು
ಗೋಡೆಯಿಂದ ಅರ್ಧ ಗೇಣು ದೂರ ತೂಗಿಸಿದಳು.
"ಅಂಟಿಸಬಾರದು. ಹಿಂದೆ ಗಾಳಿಗೆ ಜಾಗ ಬೇಕು,
ದಪ್ಪ ಗಂಟಲಿನವರ ಸದ್ದು ಆ ಸಂದಿನಲ್ಲೇ ಸುಸ್ತಾಗೋದು."
ಮೂಲೆಗೆ ಇನ್ನೂ ದಪ್ಪನೆಯವು. ಕಮಾನಿಗೆ ಅಡ್ಡಡ್ಡ.
ಗಿರಣಿ ಮುಚ್ಚಿ ಇಪ್ಪತ್ತೆರಡು ವರ್ಷಕ್ಕೆ ಉಣ್ಣೆ ಮರಳಿ ಬಂತು,
ಈ ಸಲ ಕೇಳುವ ಕೆಲಸಕ್ಕೆ.
ಮತ್ತೆ ಬಲೂನು. ಟಪ್. ಅಷ್ಟೆ.
"ಮುಕ್ಕಾಲು ಸೆಕೆಂಡು" ಅಂದು ರಸೀದಿಗೆ ಸಹಿ ಕೇಳಿದಳು.

ಆ ಗುರುವಾರ ಜನ ಹೆಜ್ಜೆ ಎತ್ತಿಡುತ್ತ ಬಂದರು,
ಮಗು ಮಲಗಿದ ಕೋಣೆಗೆ ಬಂದ ಹಾಗೆ.
ಅದೆರಿತು "ಒಪ್ಪಿಗೆ?" ಅಂದ.
ಮಾತು ಅವನ ಬೂಟಿನ ಹತ್ತಿರವೇ ಬಿತ್ತು.
ಮತ್ತೊಮ್ಮೆ ಅಂದ. ತಲೆಯೆತ್ತಿ ಕಮಾನು ನೋಡಿದ,
ಸಾಲ ಕೊಟ್ಟವನು ಬೀಗ ಹಾಕಿದ ಮನೆ ನೋಡುವಂತೆ.
ಯಾರದೋ ಮಂಡಿ ಲಟಕ್ಕೆಂದಿತು.
ಕೆಮ್ಮಿನ ಮಾತ್ರೆಯ ಕಾಗದ. ನನ್ನ ಪೆನ್ನು.
ಅದು ಇಷ್ಟು ಸದ್ದು ಮಾಡುತ್ತದೆಂದು ಗೊತ್ತಿರಲಿಲ್ಲ.

ಬೆಲ್ಮಿರಾ ಎದ್ದಳು.
"ಬಸ್ ನಿಲ್ದಾಣದ ಚೆಸ್ಟ್‌ನಟ್ ಮರ ಕಡಿಯಬೇಡಿ.
ಇದನ್ನೇ ನಾನು ಹೇಳುತ್ತಿದ್ದದ್ದು" ಅಂದಳು.
ಮರ ಹೋದ ನವೆಂಬರಿನಲ್ಲೇ ಹೋಗಿತ್ತು, ಸರ್ವಾನುಮತದಿಂದ.
ಅವಳಿಗೆ ಗೊತ್ತಿಲ್ಲದ್ದೇನಲ್ಲ; ಬಸ್ಸಿಗೆ ಅಲ್ಲೇ ಕಾಯುವವಳು.
"ಈಗ ಬೊಡ್ಡೆಯನ್ನಾದರೂ ಕೀಳಬೇಡಿ. ಕೂರಲು ಆಗುತ್ತದೆ."

ಮುಕ್ಕಾಲು ಸೆಕೆಂಡು ಆಗಿಹೋಯಿತು.
ಆಮೇಲಿನ ಮೌನವನ್ನು
ಯಾವ ಗೋಡೆಯ ಮೇಲೂ ಹೊರಿಸುವಂತಿರಲಿಲ್ಲ.

ಅವಳು ಆಡಿದ ಹಾಗೇ ಬರೆದುಕೊಂಡೆ, ಒತ್ತಕ್ಷರ ಬಿಡದೆ.
ದೀಪ ಆರಿಸುವ ಮುಂಚೆ ಕಪಾಟು ತೆರೆದು
ಹಳೆಯ ಆರು ಪುಸ್ತಕ ಇಳಿಸಿ ಎಣಿಸಿದೆ:
ಅರವತ್ತೇಳು ಕೇಳಿಸಲಿಲ್ಲ.
ನನ್ನ ಮೇಜಿನಿಂದ ಅವಳ ಕುರ್ಚಿಗೆ
ಮೂವತ್ತೊಂದು ಹೆಜ್ಜೆ.
ಅದನ್ನೂ ಎಣಿಸಿದೆ.